ಆರು ಅಂಕಿಯ ಜಗಳ

ನಾನು ಶಾಲೆಗೆ ಹೋದವಳಲ್ಲ. ಓದು ಕಲಿತದ್ದು ಪೊಟ್ಟಣ ಕಟ್ಟುವ ಹಳೆ ಕಾಗದದಿಂದ. ಅದಕ್ಕೇ ಇರಬೇಕು, ಓದಿದವರಿಗೆ ಆಗದ ಫಜೀತಿಗಳೆಲ್ಲ ನನಗೇ ಆಗುತ್ತವೆ. ಯಜಮಾನರು ತೀರಿಕೊಂಡ ಮೇಲೆ ಅವನ್ನು ನೆನೆದು ನಗುವ ಕೆಲಸವೂ ನನ್ನೊಬ್ಬಳ ಪಾಲಿಗೇ ಬಂದಿದೆ.

೧. ಎಣ್ಣೆ ಕಾಗದ

ತೊಂಬತ್ತರ ದಶಕದಲ್ಲಿ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಪಕ್ಕ ನಮ್ಮದು ಮಂಡಕ್ಕಿ-ಮೆಣಸಿನಕಾಯಿ ಅಂಗಡಿ. ಯಜಮಾನರು ಹಿಟ್ಟು ಕಲಸುವುದು, ನಾನು ಕರಿಯುವುದು. ಓದದೆ ಒಂದು ಕಾಗದವನ್ನೂ ಕಟ್ಟಿಕೊಟ್ಟವಳಲ್ಲ ನಾನು. ಒಂದು ದಿನ ಲೆಕ್ಕದ ಪುಸ್ತಕದ ಹಾಳೆ ಸಿಕ್ಕಿತು. ೧೪೨೮೫೭ನ್ನು ಎರಡರಿಂದ ಗುಣಿಸಿದರೆ ೨೮೫೭೧೪, ಮೂರರಿಂದ ಗುಣಿಸಿದರೆ ೪೨೮೫೭೧. ಆರರವರೆಗೂ ಅವೇ ಅಂಕಿ, ಅದೇ ಸಾಲು. ಶುರುವಾಗುವ ಜಾಗ ಮಾತ್ರ ಬೇರೆ. ಏಳರ ಹತ್ತಿರ ಹಾಳೆ ಹರಿದಿತ್ತು.

ಪೊಟ್ಟಣಕ್ಕೆ ಕಾಯುತ್ತ ನಿಂತಿದ್ದ ಶ್ರೀರಾಂಪುರದ ಬಸ್ಸಿನ ಗಿರಾಕಿ, "ನಿಧಾನಕ್ಕೆ ಓದ್ರಿ ಅಕ್ಕಾ, ನಾನು ಮುಂದಿನ ಬಸ್ಸಿಗೇ ಹೋಗ್ತೀನಿ" ಅಂದ.

೨. ಮೇಷ್ಟ್ರು

ಏಳರಿಂದ ಗುಣಿಸಿದರೆ ಏನು ಬರುತ್ತೆ ಎಂದು ದಿನಾ ಬರುವ ಗಣಿತದ ಮೇಷ್ಟ್ರನ್ನು ಕೇಳಿದೆ. ಬಾಯಿತುಂಬ ಮೆಣಸಿನಕಾಯಿ ಇಟ್ಟುಕೊಂಡೇ, "ಅದು ಪರೀಕ್ಷೆಗೆ ಬರಲ್ಲ, ಬಿಡಮ್ಮ" ಅಂದರು.

"ಮೆಣಸಿನಕಾಯಿನೂ ಪರೀಕ್ಷೆಗೆ ಬರಲ್ಲ ಸಾರ್. ಎರಡು ಪ್ಲೇಟು ತಿಂದ್ರಲ್ಲ."

೩. ಹಿಟ್ಟಿನ ಮೇಲಿನ ಲೆಕ್ಕ

ಹಠಕ್ಕೆ ಬಿದ್ದು, ತಟ್ಟೆಯಲ್ಲಿ ಕಡಲೆಹಿಟ್ಟು ಹರಡಿ ಬೆರಳಿನಲ್ಲೇ ಏಳರಿಂದ ಗುಣಿಸಿದೆ. ೯೯೯೯೯೯ ಬಂತು. ಹೆಮ್ಮೆಯಿಂದ ಯಜಮಾನರಿಗೆ ಮೊದಲಿಂದ ವಿವರಿಸಿದೆ.

"ನಿನ್ನ ಜಗಳನೂ ಹಿಂಗೇ ಕಣೆ" ಅಂದರು. "ದಿನಾ ಅವೇ ಆರು ಮಾತು. ಶುರು ಮಾಡೋ ಜಾಗ ಮಾತ್ರ ಬ್ಯಾರೆ."

ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಬೈಯಲು ಬಾಯಿ ತೆಗೆದರೆ, "ಇವತ್ತು ಎರಡರಿಂದ ಶುರುವಾತು" ಎಂದು ಆರೂ ಅಂಕಿ ಹೇಳಿ ಮುಗಿಸಿದರು. ಆಮೇಲೆ ಪ್ರತಿ ಜಗಳಕ್ಕೂ ಅದೇ ಎಣಿಕೆ.

೪. ಕೊನೆಯ ಎಣಿಕೆ

ಎಷ್ಟೋ ವರ್ಷದ ಮೇಲೆ ಯಜಮಾನರಿಗೆ ಲಕ್ವ ಹೊಡೆಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದರು. ನನ್ನ ಗುರುತಾದರೂ ಇದೆಯೋ ಇಲ್ಲವೋ, ನನಗೆ ಅದೊಂದೇ ಸಂಕಟ. ಡಾಕ್ಟರು ಊರು ಕೇಳಿದರು, ವಾರ ಕೇಳಿದರು. ನನ್ನನ್ನು ತೋರಿಸಿ, "ಇವರು ಯಾರು?" ಅಂದರು.

ನನಗೆ ತಡೆಯಲಾಗಲಿಲ್ಲ. "ಹೇಳ್ರಿ. ಇಷ್ಟು ವರ್ಷ ಯಾರ ಪಕ್ಕ ಕುಂತು ಹಿಟ್ಟು ಕಲಸಿದ್ರಿ?"

ತುಟಿ ಅಲುಗಿತು. "ಎಂಟು... ಐದು... ಏಳು... ಒಂದು... ನಾಲ್ಕು... ಎರಡು."

"ಗುರುತು ಹತ್ತಿಲ್ಲಮ್ಮ" ಎಂದು ಡಾಕ್ಟರು ಬರೆದುಕೊಂಡರು.

"ಹತ್ತೈತೆ ಸಾರ್. ಆರರಿಂದ ಗುಣಿಸಿ ನೋಡ್ರಿ."

ಡಾಕ್ಟರು ನರ್ಸಮ್ಮನ ಕಡೆ ತಿರುಗಿ, "ಇವರಿಗೂ ಒಂದು ಬೆಡ್ ನೋಡಿ" ಅಂದರು.

ಆಮೇಲೆ ಯಜಮಾನರು ಮಾತಾಡಲಿಲ್ಲ. ಎರಡು ದಿನ ಪಕ್ಕದಲ್ಲೇ ಕುಂತು ಬೈದೆ. ಒಂದರಿಂದ ಶುರು ಮಾಡಿದೆ, ನಾಲ್ಕರಿಂದ ಶುರು ಮಾಡಿದೆ. ನರ್ಸಮ್ಮನಿಗೆ ಸಿಟ್ಟು ಬಂತು. "ಏನಮ್ಮ, ಇಂಥ ಹೊತ್ತಲ್ಲೂ ಗಂಡನ ಜೊತೆ ಜಗಳ ಆಡ್ತೀರಲ್ಲ?"

"ಒಂದಂಕಿ ಹೇಳಲಿ ತಾಯಿ, ನಿಲ್ಲಿಸ್ತೀನಿ" ಅಂದೆ.