ಬೋಳುಗುಡ್ಡದ ಹೂವು, ಮತ್ತಿಕೆರೆಯ ಮರ್ಯಾದೆ

ನಮ್ಮ ಮತ್ತಿಕೆರೆ ಮಣ್ಣಿನಲ್ಲಿ ಊರುಗೋಲು ನೆಟ್ಟರೂ ಬೆಳಗಾಗುವಷ್ಟರಲ್ಲಿ ಹೂ ಬಿಡುತ್ತದೆ. ಇದರಲ್ಲಿ ಅರ್ಧ ಸುಳ್ಳು. ಬೆಳಗಾಗುವಷ್ಟರಲ್ಲಿ ಬರೀ ಮೊಗ್ಗು. ಅಂಥ ಊರಿನಲ್ಲಿ, ಗೋಪಾಲಮ್ಮನ ಮಹಡಿ ರೂಮಿಗೆ ಬಾಡಿಗೆಗೆ ಬಂದ ವಿರೂಪಾಕ್ಷ ಕುಂಡದ ತುಂಬ ತುಕ್ಕುಬಣ್ಣದ ಕಲ್ಲುಪುಡಿ ತುಂಬಿ ಗಿಡ ಸಾಕಿದ್ದ.

ಅದು ಯಾವುದೋ ಬೋಳುಗುಡ್ಡದ ಅಪರೂಪದ ಹೂವಂತೆ. ಬೇರೆ ಗಿಡಕ್ಕೆ ವಿಷವಾಗುವ ಲೋಹದ ಮಣ್ಣೇ ಅದಕ್ಕೆ ಅಮೃತ. ಗೊಬ್ಬರ ಸೋಕಿದರೆ ಸಾವು. ಗುಡ್ಡ ಬಿಟ್ಟು ಬೇರೆಡೆ ಅದು ಅರಳಿದ್ದನ್ನು ಕಣ್ಣಾರೆ ಕಂಡರೆ ಮಾತ್ರ ಪಿಎಚ್‌ಡಿಗೆ ಸಹಿ ಎಂದಿದ್ದರು ಗೈಡ್ ಸಂಯುಕ್ತಾ ಮೇಡಂ. ಇವತ್ತು ಒಂದೇ ಒಂದು ನೀಲಿ ಹೂ ಅರಳಿತ್ತು. ಮಧ್ಯಾಹ್ನ ಮೇಡಂ ಬರುವವರಿದ್ದರು.

ವಿರೂಪಾಕ್ಷ ತಿಂಡಿ ತಿಂದು ಬಂದು ನೋಡಿದರೆ, ತಾರಸಿಯಲ್ಲಿದ್ದ ಕುಂಡದ ತುಂಬ ಹಸಿ ಸಗಣಿ! ಹೂವು ಮದುವೆ ಮುರಿದ ಮದುಮಗನಂತೆ ತಲೆ ತಗ್ಗಿಸಿತ್ತು.

"ನಾನೇ ಕಣಪ್ಪಾ ಆಕಿದ್ದು!" ಪಕ್ಕದ ಮನೆಯ ಸೊಣ್ಣಮ್ಮ ತನ್ನ ತಾರಸಿಯಿಂದ ಹೆಮ್ಮೆಯಿಂದ ಕೂಗಿದಳು. "ಪಾಪ, ಕಲ್ನಾಗೆ ಉಪವಾಸ ಮಡಗಿದ್ದೆಯಲ್ಲ!"

"ಅಯ್ಯೋ! ಅದರಲ್ಲಿದ್ದ ಕಲ್ಲುಪುಡಿ ಎಲ್ರೀ?"

"ದೀಪ ತಿಕ್ತಾ ಇವ್ನಿ. ಏನ್ ಫಳಫಳ ಅಂತೀಯಾ!"

ವಿರೂಪಾಕ್ಷ ಗೋಡೆ ಹಾರಿದ. ಹಿತ್ತಾಳೆ ದೀಪದಿಂದ, ಅವಳ ಅಂಗೈಯಿಂದ, ಕಡೆಗೆ ಉಗುರಿನ ಸಂದಿಯಿಂದಲೂ ಪುಡಿ ಕೆರೆದುಕೊಂಡ.

"ಲೇ, ಕೈ ಬಿಡೋ! ನಮ್ ಯಜಮಾನ್ರೂ ಇಂಗ್ ಇಡ್ಕೊಂಡಿಲ್ಲ!"

ಅವನು ಬೇರು ತೊಳೆದ. ಕಲ್ಲುಪುಡಿಯಲ್ಲಿ ಮತ್ತೆ ನೆಟ್ಟ. ಕೊಡೆ ಹಿಡಿದ, ಬೀಸಣಿಗೆ ಬೀಸಿದ, ಕಂಡ ದೇವರಿಗೆಲ್ಲ ಹರಕೆ ಹೊತ್ತ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಹೂವು ಮೆಲ್ಲಗೆ ತಲೆ ಎತ್ತಿತು. ವಿರೂಪಾಕ್ಷನಿಗೂ ಜೀವ ಬಂತು. ಮೈಯೆಲ್ಲ ಸಗಣಿ, ಮೇಡಂ ಬರುವ ಮುಂಚೆ ಮುಖ ತೊಳೆಯೋಣವೆಂದು ಬಚ್ಚಲಿಗೆ ಓಡಿದ.

ತೊಳೆದು ಬರುವಷ್ಟರಲ್ಲಿ ಮೇಡಂ ತಾರಸಿಯಲ್ಲೇ ನಿಂತಿದ್ದರು. ಹಿಂದೆ ಕುಂಕುಮದ ತಟ್ಟೆ ಹಿಡಿದ ಗೋಪಾಲಮ್ಮ.

"ಎಲ್ರೀ ಹೂವು?" ಎಂದರು ಮೇಡಂ. ಕುಂಡದಲ್ಲಿ ಮೋಟು ದಂಟು.

"ಮುತ್ತೈದೆ ಮನೆಗ್ ಬಂದಾಗ ಬರೀ ಕುಂಕುಮ ಕೊಡೋಕಾಗುತ್ತಾ?" ಗೋಪಾಲಮ್ಮ ವಿರೂಪಾಕ್ಷನ ಕಿವಿಯಲ್ಲಿ ಉಸುರಿದಳು. "ಮಲ್ಲಿಗೆ ಮುಗ್ದೋಗಿತ್ತು. ನಿಮ್ಮ ಮೇಡಂಗೇ ಅಲ್ವಾ ಅಂತ ಕಿತ್ಕೊಂಡೋಗಿ ಹಿಂದಿನಿಂದ ನಾನೇ ಮುಡಿಸ್ದೆ!"

ಮೇಡಂ ದಂಟು ನೋಡಲು ಬಗ್ಗಿದರು. ತುರುಬಿನಲ್ಲಿ ನೀಲಿ ಹೂವು ನಗುತ್ತಿತ್ತು.

"ಯಾರೋ ಕಿತ್ತಿದ್ದಾರೆ!" ಮೇಡಂ ಕೆಂಡವಾದರು. "ಇಂಥ ಹೂವನ್ನ ಮುಡ್ಕೊಂಡು ತಿರುಗೋರು ಯಾರು ಅಂತ ಹೇಳಿ ವಿರೂಪಾಕ್ಷ. ನಾನಂತೂ ಬಿಡಲ್ಲ!"

ಸಹಿ ಹಾಕುವ ಪೆನ್ನು ಮೇಡಂ ಕೈಯಲ್ಲಿ, ಹೂವು ಮೇಡಂ ತಲೆಯಲ್ಲಿ. ವಿರೂಪಾಕ್ಷ ಬಾಯಿ ತೆರೆದ.

ಏನಂದ ಅಂತೀರಿ? ಎಲ್ಲಾ ನಾನೇ ಹೇಳಬೇಕೇನು, ನೀವೇ ಹೇಳಿ ನೋಡೋಣ.