ಹಿಂದೆ ನೋಡುವ ಹಂಸ

ನಮ್ಮ ಕಾಕಾನ ಮನೆಗೆ ಹೋದವರು ಮೊದಲು ಫೋನ್ ಒಪ್ಪಿಸಬೇಕಿತ್ತು. ನೀರು, ಚಹಾ ಎಲ್ಲ ಆಮೇಲೆ. ಜೇಲಿನಲ್ಲಾದರೂ ಇಷ್ಟು ತಪಾಸಣೆ ಇರುತ್ತದೋ ಇಲ್ಲವೋ! ಗದ್ವಾಲದ ಆ ಮನೆಯ ಮಗ್ಗದ ಮೇಲೆ, ಅವನೇ ಯೋಚಿಸಿ ರೂಪಿಸಿದ ಹಂಸದ ಸೆರಗು ಇರುತ್ತಿತ್ತು. ಯಾರಾದರೂ ಫೋಟೋ ತೆಗೆದು ನಕಲು ಮಾಡಿಬಿಟ್ಟರೆ? ಸೀರೆಯನ್ನು ಅಂಗಡಿಗೆ ಒಯ್ಯುವಾಗಲೂ ಕಂಬಳಿಯಲ್ಲಿ ಸುತ್ತುತ್ತಿದ್ದ.

"ಸೀರಿಗೇನು ಚಳಿಜ್ವರ ಬಂದೈತೇನ್ರೀ?" ಎಂದು ಅವನ ಹೆಂಡತಿ, ನಮ್ಮ ಚಿಗವ್ವ, ಕೇಳುವಳು.

ಒಮ್ಮೆ ನನ್ನ ಮಗಳ ಪುಸ್ತಕದಲ್ಲಿ 'ಕಾಪಿರೈಟ್' ಎಂಬ ಮಾತು ಅವನ ಕಣ್ಣಿಗೆ ಬಿತ್ತು.

"ಅಂದ್ರೇನು?"

"ನಕಲು ಮಾಡೋ ಹಕ್ಕು, ಕಾಕಾ."

"ನಕಲಿಗೂ ಹಕ್ಕ? ಕಳ್ಳಗ ಕೀಲಿಕೈ ಕೊಟ್ಟಂಗಾತಲ್ಲ."

"ಕಳ್ಳಗಲ್ಲ. ನಕಲು ತಗೀಬೇಕೋ ಬ್ಯಾಡೋ ಅನ್ನೋದು ಮಾಡಿದವನ ಕೈಯಾಗ ಇರತೈತಿ."

"ಈ ಮಾತು ಹುಟ್ಟಿದ್ದೆಲ್ಲಿ?"

ಬಿಡುವ ಆಸಾಮಿಯೇ? ಹುಡುಕಿ ಓದಿ ಹೇಳಿದೆ. ಇಂಗ್ಲೆಂಡಿನಲ್ಲಿ ಅಚ್ಚಿಗೆ ಕೊಡುವ ಕೈಬರಹವನ್ನೇ 'ಕಾಪಿ' ಅನ್ನುತ್ತಿದ್ದರು. ಅದನ್ನು ಅಚ್ಚು ಹಾಕುವ ಹಕ್ಕು ಮೊದಲು ಅಚ್ಚಿನವರದು. ಬರೆದವನ ಕೈಗೆ ಬಂದದ್ದು ಎಷ್ಟೋ ಕಾಲದ ಮೇಲೆ.

ಕಾಕಾ ಮಗ್ಗ ನಿಲ್ಲಿಸಿದ. "ಮೊದಲು ಸಾವ್ಕಾರಗ, ಆಮ್ಯಾಲ ಮಾಡಿದವಗ. ಅಲ್ಲೂ ನಮ್ಮಂಗ ಅನ್ನು."

ಮುಂದಿನ ಸೀರೆಯಿಂದ, ಸೆರಗಿನ ಸಾಲಿನಲ್ಲಿ ಒಂದು ಹಂಸ ಮಾತ್ರ ಕತ್ತು ತಿರುಗಿಸಿ ಹಿಂದೆ ನೋಡತೊಡಗಿತು. ಬೇಕೆಂದೇ ನೇಯ್ದ ತಪ್ಪು.

"ನಕಲು ಮಾಡಾವ ಇದನ್ನೂ ಮಾಡತಾನ. ಸಿಕ್ಕ ಬೀಳತಾನ," ಎಂದು ಕಾಕಾ ನಕ್ಕ.

"ಕೊಳ್ಳೋರು ನಿಮಗ ಕಣ್ಣು ಕಾಣಂಗಿಲ್ಲ ಅಂತಾರ," ಎಂದಳು ಚಿಗವ್ವ.

ಹೋದ ವರ್ಷ ಕಾಕಾ ತೀರಿಕೊಂಡ. ನೆನಪಿಗೆ ಆ ಸೀರೆ ಒಂದಾದರೂ ಇರಲೆಂದು ಚಿಗವ್ವ ಪೆಟ್ಟಿಗೆಯೆಲ್ಲ ತೆಗೆದು ನೋಡಿದಳು. ನೇಯ್ದದ್ದೆಲ್ಲ ಮಾರಿಹೋಗಿತ್ತು. ಫೋಟೋ? ಇರುವುದಾದರೂ ಹೇಗೆ?

"ಎಲ್ಲಾರಿಂದ ಕಾಯ್ದು ಕಾಯ್ದು, ನನಗೂ ಉಳಸಲಿಲ್ಲ ನೋಡು," ಎಂದು ಖಾಲಿ ಮಗ್ಗದ ಕಡೆ ನೋಡಿದಳು.

ಮೊನ್ನೆ ಮಕ್ತಲ್ ಬಸ್ ನಿಲ್ದಾಣದಲ್ಲಿ ನಾರಾಯಣಪೇಟೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಹೆಂಗಸಿನ ಸೆರಗಿನಲ್ಲಿ ಹಂಸಗಳ ಸಾಲು. ಕೈಮಗ್ಗದ್ದಲ್ಲ, ಯಂತ್ರದಲ್ಲಿ ನೇಯ್ದ ಹೊಳೆಯುವ ಅಗ್ಗದ ಬಟ್ಟೆ. ಒಂದು ಹಂಸ ಹಿಂದೆ ನೋಡುತ್ತಿತ್ತು. ಕಳ್ಳ ಸಿಕ್ಕಿಬಿದ್ದಿದ್ದ. ನನಗೆ ಸಿಟ್ಟು ಬರಬೇಕಿತ್ತು.

"ಅಕ್ಕಾ, ಸೆರಗಿಂದೊಂದು ಫೋಟೋ ತಗೀಲೇನ್ರಿ? ನಮ್ಮ ಚಿಗವ್ವಗ ತೋರಸಾಕ."

ಆಕೆ ಸೆರಗು ಹರಡಿ ಹಿಡಿದಳು. "ತಗೀರಿ. ಆದ್ರ ಇದೊಂದು ಹಂಸ ತಪ್ಪಾಗೈತಿ ನೋಡ್ರಿ."

"ಇಲ್ರೀ," ಅಂದೆ, "ಅದೊಂದ ಸರಿ ಐತಿ."