ಮುರಿದ ಕೈ, ಕ್ರೋಶಾ ಕಡ್ಡಿ ಮತ್ತು ನಮ್ಮಿಬ್ಬರ ತಿರುಗಾಟ

ಕೆಲವರ ಮನೆಗೆ ಬೆಕ್ಕು ತಾನಾಗಿಯೇ ಬಂದು ಸೇರಿಕೊಳ್ಳುತ್ತದಲ್ಲ, ಹಾಗೆ ನಗೆಪಾಟಲಿನ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ನಾನು ಕರೆದಿರುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದಾಗಲೂ ಬರುತ್ತಿದ್ದವು. ರಿಟೈರ್ ಆದಮೇಲಂತೂ ಮನೆಯಲ್ಲಿ ಯಾವಾಗಲೂ ಸಿಗುತ್ತೇನೆಂದು ಗೊತ್ತಾಗಿ ಇನ್ನೂ ಧಾರಾಳವಾಗಿ ಬರುತ್ತಿವೆ.

ಹೋದ ವರ್ಷ ಆಷಾಢದಲ್ಲಿ, ವಿನೋಬನಗರದ ನಮ್ಮ ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಕಾಲಿಟ್ಟು ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ಆ ಕೈ ನನ್ನದೇ ಅನ್ನಿಸಲಿಲ್ಲ. ಬೆರಳು ಮಡಚಲು ಬಾರದು. ಕಾಫಿ ಲೋಟ ಎತ್ತಲು ಹೋದರೆ ಕೈ ಮೇಲೆ ಬರುತ್ತಿತ್ತು, ಲೋಟ ಅಲ್ಲೇ ಇರುತ್ತಿತ್ತು. ಜಡೆ ಹಾಕಿಕೊಳ್ಳಲು, ರವಿಕೆಯ ಹುಕ್ಕು ಸಿಕ್ಕಿಸಲು ನನ್ನ ಗಂಡನೇ ಆಗಬೇಕು. ನಲವತ್ತು ಮಕ್ಕಳ ಎದುರು ಕೈವಾರವೇ ಇಲ್ಲದೆ ಬೋರ್ಡಿನ ಮೇಲೆ ದುಂಡನೆ ವೃತ್ತ ಎಳೆಯುತ್ತಿದ್ದ ಕೈ ಅದು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದೂ ಉಂಟು.

ಫಿಜಿಯೋಥೆರಪಿ ಮಾಡುತ್ತಿದ್ದ ಹುಡುಗಿ ಹೇಳಿದಳು, “ಮೇಡಂ, ಬೆರಳಿಗೆ ಕೆಲಸ ಕೊಡಿ. ಕ್ರೋಶಾ ಕಲೀರಿ. ಮನೇಲೇ ಕೂತ್ಕೊಂಡು ಕೊರಗಬೇಡಿ, ನಾಲ್ಕು ಕಡೆ ಓಡಾಡಿ.”

ನಮ್ಮೆಜಮಾನರು ಭದ್ರಾವತಿಯ ಒಂದು ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೇಲಿನವರು ಹೇಳಿದ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವುದು ಅವರ ರಕ್ತದಲ್ಲೇ ಇದೆ. ಅದೇ ಸಂಜೆ ಗಾಂಧಿ ಬಜಾರಿಗೆ ಹೋಗಿ ಕ್ರೋಶಾ ಕಡ್ಡಿ, ಉಲ್ಲನ್ ಉಂಡೆ ತಂದರು. ಬರುತ್ತಾ ರೈಲಿನ ಟೈಮನ್ನೂ ಕೇಳಿಕೊಂಡು ಬಂದರು.

ರಿಜೆಕ್ಟ್ ಆದ ಮಾಲು

ಮೊದಲು ಹೆಣೆಯಲು ಹೊರಟಿದ್ದು ನೀರಿನ ಫಿಲ್ಟರಿನ ಕೆಳಗೆ ಹಾಸುವ ಒಂದು ದುಂಡನೆಯ ಮ್ಯಾಟು. ಫೋನಿನಲ್ಲಿ ವಿಡಿಯೋ ನೋಡುತ್ತಾ, ಒಂದೊಂದು ಕುಣಿಕೆಗೂ ಒಂದೊಂದು ನಿಮಿಷ ತಗೊಂಡು ಹೆಣೆದೆ. ನಾಲ್ಕನೇ ದಿನ ನಮ್ಮೆಜಮಾನರು ಒಳಗಿನಿಂದ ಅಳತೆ ನೋಡುವ ಕ್ಯಾಲಿಪರ್ ತಂದು ಪಕ್ಕದಲ್ಲಿ ಕೂತರು.

“ನೋಡು, ಈ ಕುಣಿಕೆ ಆರು ಎಂ.ಎಂ. ಇದೆ, ಪಕ್ಕದ್ದು ಒಂಬತ್ತು. ನಮ್ಮ ಶಾಪಲ್ಲಾಗಿದ್ರೆ ಈ ಜಾಬ್ ರಿಜೆಕ್ಟು.”

“ರೀ, ಬೆರಳೇ ಮಡಚಲ್ಲ ಅಂತಿದೆ. ಸುಮ್ನೆ ಎದ್ದು ಹೋಗ್ರಿ.”

ಎದ್ದು ಹೋದರು. ಆದರೆ ಮ್ಯಾಟು ಅವರ ಮಾತನ್ನೇ ಕೇಳಿತು. ಚಪ್ಪಟೆಯಾಗಿ ಮಲಗಬೇಕಾದದ್ದು ಅಂಚು ಮೇಲೆತ್ತಿಕೊಂಡು ಬಟ್ಟಲಿನ ಹಾಗೆ ಆಯಿತು. ಹಾಲು ತಂದುಕೊಡುವ ಹೆಂಗಸು ನೋಡಿ, “ಅಕ್ಕಾ, ತೆಂಗಿನಕಾಯಿಗೆ ಕುಲಾವಿನಾ?” ಅಂದಳು. ಎದುರುಮನೆಯಾಕೆ, “ಪಾತ್ರೆ ತಿಕ್ಕೋದಾ? ನನಗೂ ಒಂದು ಮಾಡ್ಕೊಡಿ” ಅಂದರು.

ನನಗೆ ಅಳು ಬರುವ ಹಾಗಾಗಿತ್ತು. ಆಗ ನಮ್ಮೆಜಮಾನರು ಅದನ್ನೆತ್ತಿ ತಮ್ಮ ಬೋಳುತಲೆಯ ಮೇಲೆ ಇಟ್ಟುಕೊಂಡು ಕನ್ನಡಿ ನೋಡಿ, “ಇಲ್ಲಿಗೆ ಕರೆಕ್ಟ್ ಫಿಟ್ಟಿಂಗ್ ಕಣೇ” ಅಂದರು. ಮರುದಿನ ಬೆಳಿಗ್ಗೆ ವಾಕಿಂಗಿಗೂ ಅದನ್ನೇ ಹಾಕಿಕೊಂಡು ಹೊರಟರು. ಪಾರ್ಕಿನಲ್ಲಿ ಅವರ ಸ್ನೇಹಿತರೊಬ್ಬರು ಕೇಳಿದರಂತೆ, “ಎಲ್ಲಿಂದ ಬಂತು ಮಾರಾಯ ಇದು?”

“ನಮ್ಮನೆಯವಳು ಹಾಕಿದ ಟೋಪಿ.”

“ಅದು ಎಲ್ಲರ ಮನೇಲೂ ಹಾಕೋದೇ ಮಾರಾಯ. ನಿಂದು ಹೊರಗೆ ಕಾಣ್ತಾ ಇದೆ, ಅಷ್ಟೇ!”

ಮೊದಲೇ ಇಳಿದವರು

ನವರಾತ್ರಿಗೆ ಭದ್ರಾವತಿಯ ನಾದಿನಿ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಬೆಳಗಿನ ರೈಲಿಗೆ ಹೊರಟೆವು. ಅರ್ಧ ಗಂಟೆಯ ದಾರಿ. ಮಳೆಗಾಲ ಮುಗಿದು ಬಿಸಿಲು ಆಗ ತಾನೇ ಹೊಸದಾಗಿ ಬಂದಿತ್ತು. ಗದ್ದೆಯೆಲ್ಲ ಹಸಿರು. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಕೈಯಲ್ಲಿ ಕ್ರೋಶಾ. ಇನ್ನೇನು ಬೇಕು ಅಂದುಕೊಂಡು ಹೊರಗೆ ನೋಡುತ್ತಾ ಹೆಣೆಯುತ್ತಾ ಕೂತಿದ್ದೆ.

ತೊಡೆಯ ಮೇಲಿದ್ದ ಉಂಡೆ ಯಾವಾಗ ಉರುಳಿತೋ ಗೊತ್ತಾಗಲಿಲ್ಲ. ಮಧ್ಯದ ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತ್ತು. ಅಷ್ಟರಲ್ಲಿ ಬೋಗಿಯ ಆ ತುದಿಯಿಂದ ಟಿಕೆಟ್ ನೋಡುವವರು ಒಂದು ಕೆಂಪು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಅದರ ಜಾಡಿನಲ್ಲೇ, ಒಬ್ಬರ ಚೀಲದ ಕೆಳಗೆ, ಇನ್ನೊಬ್ಬರ ಚಪ್ಪಲಿಯ ಮಧ್ಯೆ ನುಸುಳಿಸಿಕೊಂಡು ಬರುತ್ತಿದ್ದರು. ಹೂವಿನ ಬುಟ್ಟಿಯ ಹೆಂಗಸು ಕಾಲೆತ್ತಿ ದಾರಿ ಕೊಟ್ಟಳು. ಕೊನೆಗೆ ನನ್ನ ಎದುರು ಬಂದು ನಿಂತರು.

“ಇದು ನಿಮ್ಮದಾ ಅಮ್ಮ?”

“ಹೌದು ಸಾರ್.”

“ಎಲ್ಲಿಗೆ ಟಿಕೆಟ್?”

“ಭದ್ರಾವತಿಗೆ.”

“ನಿಮ್ಮ ಉಂಡೆ ಇಲ್ಲೇ ಇಳಿದುಬಿಟ್ಟಿದೆ. ಪ್ಲಾಟ್‌ಫಾರಂ ಮೇಲಿದೆ. ಬೇಗ ಎಳ್ಕೊಳ್ಳಿ, ಹಸಿರು ಬಾವುಟ ತೋರಿಸ್ತಾ ಇದಾರೆ!”

ಸ್ವೆಟರ್ ಹಾಕಿದ ರಾಜ

ನಾದಿನಿ ಮನೆಯ ಪಟ್ಟದ ಗೊಂಬೆಗಳು ಅವಳ ಅತ್ತೆಯ ಮದುವೆಯಲ್ಲಿ ಬಂದವು. ಮರದ ರಾಜ, ಮರದ ರಾಣಿ. ಆ ವರ್ಷ ಪೆಟ್ಟಿಗೆ ತೆಗೆದು ನೋಡಿದರೆ ಅವುಗಳ ರೇಷ್ಮೆ ಬಟ್ಟೆಯನ್ನೆಲ್ಲ ಹುಳ ತಿಂದಿತ್ತು. “ಅತ್ತಿಗೆ, ಏನಾದ್ರೂ ಮಾಡಿ” ಎಂದು ನಾದಿನಿ ಫೋನಿನಲ್ಲಿ ಗೋಳಾಡಿದ್ದಳು. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ರಾಜನಿಗೊಂದು ಸ್ವೆಟರು, ರಾಣಿಗೊಂದು ಶಾಲು ಹೆಣೆದು ಒಯ್ದಿದ್ದೆ.

ಹಾಕಿ ನಿಲ್ಲಿಸಿದೆವು. ರಾಜನ ಗಾಂಭೀರ್ಯವೇ ಹೋಗಿ, ಬೆಳಿಗ್ಗೆ ಹಾಲು ತರಲು ಹೊರಟ ಮನೆ ಯಜಮಾನನ ಹಾಗೆ ಕಾಣುತ್ತಿದ್ದ. ಗೊಂಬೆ ನೋಡಲು ಬಂದ ಪಕ್ಕದ ತಮಿಳು ಅಮ್ಮ ತುಂಬಾ ಹೊತ್ತು ನೋಡಿ, “ಇದು ಊಟಿ ರಾಜಾವಾ?” ಅಂದರು.

ನಮಗೆ ಹೆದರಿಕೆ ಇದ್ದದ್ದು ನಾದಿನಿಯ ಅತ್ತೆಯದು. ಎಂಬತ್ತು ದಾಟಿದವರು, ಮಡಿ, ಶಾಸ್ತ್ರ ಎಲ್ಲದರಲ್ಲೂ ಕಟ್ಟುನಿಟ್ಟು. ಅವರು ಕೋಲೂರಿಕೊಂಡು ಬಂದು ಗೊಂಬೆಯ ಎದುರು ನಿಂತರು. ಸ್ವೆಟರನ್ನು ಮುಟ್ಟಿ ನೋಡಿದರು. ನಾದಿನಿ ನನ್ನ ಕೈಗೆ ಕಾಫಿ ಲೋಟ ಕೊಟ್ಟು ಬಾಗಿಲ ಮರೆಗೆ ಸರಿದಳು. ನಾನು ಗಾಬರಿಯಲ್ಲಿ ಕಾಫಿ ಗುಟುಕರಿಸುತ್ತಾ ನಿಂತೆ.

“ಅತ್ತಿಗೆ!” ಎಂದು ನಾದಿನಿ ಮರೆಯಿಂದಲೇ ಕಿರುಚಿದಳು. “ಬಲಗೈ! ಬಲಗೈಯಲ್ಲಿ ಹಿಡ್ಕೊಂಡಿದೀರಿ!”

ಹೌದು. ಲೋಟ ಬಲಗೈಯಲ್ಲಿತ್ತು. ಮೂರು ತಿಂಗಳ ಮೇಲೆ ಮೊದಲ ಸಲ. ಆ ಕಿರುಚಾಟಕ್ಕೆ ಬೆಚ್ಚಿ ಅರ್ಧ ಕಾಫಿ ಸೀರೆಯ ಮೇಲಾಯಿತು. ಉಳಿದ ಅರ್ಧವನ್ನು ಕಣ್ಣೀರು ಒರೆಸಿಕೊಳ್ಳುತ್ತಾ ಕುಡಿದೆ. ಅಂಥ ಕಾಫಿಯನ್ನು ಅದಕ್ಕೆ ಮೊದಲೂ ಕುಡಿದಿಲ್ಲ, ಆಮೇಲೂ ಕುಡಿದಿಲ್ಲ. ನಮ್ಮೆಜಮಾನರು ಆ ಕಡೆ ತಿರುಗಿ ಸುಮ್ಮನೆ ಕನ್ನಡಕ ಒರೆಸಿಕೊಂಡರು.

ಅಷ್ಟಾದರೂ ಅಜ್ಜಿ ಮಾತ್ರ ರಾಜನ ಮುಂದಿನಿಂದ ಅಲುಗಿರಲಿಲ್ಲ. ಕೊನೆಗೆ ನಿಟ್ಟುಸಿರು ಬಿಟ್ಟರು.

“ಅರವತ್ತು ವರ್ಷ ಪಾಪ ಈ ಚಳಿಯಲ್ಲಿ ತೆಳ್ಳನೆ ರೇಷ್ಮೆ ಸುತ್ಕೊಂಡು ನಿಂತಿದ್ದ. ನಮ್ಮ ಪೈಕಿ ಒಬ್ಬರಿಗೂ ಹೊಳೀಲಿಲ್ಲ ನೋಡು” ಎಂದು ನನ್ನ ಕಡೆ ತಿರುಗಿದರು. “ನನಗೂ ಒಂದು ಹಾಕಿಕೊಡಮ್ಮ. ರಾಜನದಕ್ಕಿಂತ ಒಂಚೂರು ದೊಡ್ಡದು ಬೇಕಾಗುತ್ತೆ.”

ತ್ಯಾವರೆಕೊಪ್ಪದಲ್ಲಿ ಕಂಡ ಹುಲಿ

ಅಜ್ಜಿಯ ಸ್ವೆಟರ್ ಮುಗಿದ ಮೇಲೆ ಉಳಿದದ್ದು ಕಿತ್ತಳೆ ಮತ್ತು ಕಪ್ಪು ಉಲ್ಲನ್. ಅದರಲ್ಲಿ ನಮ್ಮೆಜಮಾನರಿಗೆ ಪಟ್ಟೆ ಪಟ್ಟೆಯ ಒಂದು ಶಾಲು ಹಾಕಿದೆ. ಅದನ್ನು ಹೊದ್ದುಕೊಂಡೇ ಒಂದು ಬೆಳಿಗ್ಗೆ ನನ್ನ ಜೊತೆ ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಬಂದರು.

ಜಾಲರಿ ಬಿಗಿದ ಬಸ್ಸು ಕಾಡಿನೊಳಗೆ ಸುತ್ತಿತು. ಜಿಂಕೆ ಕಂಡವು, ಸಿಂಹವೂ ಕಂಡಿತು. ಹುಲಿ ಇಲ್ಲ. ಪೊದೆಯೊಂದರ ಹಿಂದೆ ಮಲಗಿದೆ ಎಂದು ಡ್ರೈವರು ಬಸ್ಸು ನಿಲ್ಲಿಸಿದ. ಎಲ್ಲರೂ ಆ ಕಡೆ ಕತ್ತು ಚಾಚಿದರು. ಪೊದೆ ಕಂಡಿತು. ಐದು ನಿಮಿಷವಾದರೂ ಪೊದೆಯೇ ಕಂಡಿತು. ಅಷ್ಟರಲ್ಲಿ ನಮ್ಮವರು ಶಾಲನ್ನು ತಲೆಯ ಮೇಲಿನವರೆಗೂ ಎಳೆದುಕೊಂಡು ನಿದ್ದೆ ಹೋಗಿದ್ದರು. ಸಣ್ಣಗೆ ಗೊರಕೆಯೂ ಶುರುವಾಗಿತ್ತು.

ಮುಂದಿನ ಸೀಟಿನ ಪುಟ್ಟ ಹುಡುಗಿ ಹಿಂದೆ ತಿರುಗಿ ನೋಡಿ ಚೀರಿದಳು. “ಅಮ್ಮಾ, ಹುಲಿ ಬಸ್ಸೊಳಗೆ ಬಂದುಬಿಟ್ಟಿದೆ! ಗುರ್ ಅಂತಿದೆ!”

ಇಡೀ ಬಸ್ಸಿನ ಫೋನುಗಳೆಲ್ಲ ಈ ಕಡೆ ತಿರುಗಿದವು. ನನಗೆ ನಾಚಿಕೆಯಾಗಿ ಭುಜ ಅಲ್ಲಾಡಿಸಿ ಎಬ್ಬಿಸಲು ಹೋದೆ. ಡ್ರೈವರು ಕನ್ನಡಿಯಲ್ಲೇ ನೋಡಿ ಕೈ ಮುಗಿದ.

“ಅಮ್ಮ, ನಮ್ಮ ಹುಲಿ ಏಳೋವರೆಗೆ ನಿಮ್ಮ ಹುಲೀನ ಎಬ್ಬಿಸಬೇಡಿ. ಇವರಿಗೆಲ್ಲ ಇವತ್ತು ಕಂಡಿರೋದು ಅದೊಂದೇ!”

ಕುಂಸಿಯ ಪಾಪು

ದೀಪಾವಳಿ ಕಳೆದ ಮೇಲಿನ ಮಾತು. ನನ್ನ ಜೊತೆ ಶಾಲೆಯಲ್ಲಿದ್ದ ಸ್ನೇಹಿತೆಯೊಬ್ಬಳು ಕುಂಸಿಯಲ್ಲಿದ್ದಾಳೆ. ಮೊಮ್ಮಗಳ ನಾಮಕರಣ, ಬರಲೇಬೇಕು ಎಂದಳು. ಅಷ್ಟರಲ್ಲಿ ನನ್ನ ಬೆರಳು ಚುರುಕಾಗಿದ್ದವು. ಹಳದಿ ಉಲ್ಲನ್ನಿನಲ್ಲಿ ಒಂದು ಕುಲಾವಿ, ಹೆಬ್ಬೆರಳಿನಷ್ಟು ಉದ್ದದ ಕಾಲುಚೀಲ ಹೆಣೆದು, ಬಣ್ಣದ ಕಾಗದದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು.

ಮನೆ ಎಲ್ಲಿ ಅಂದರೆ ಸ್ನೇಹಿತೆ ಫೋನಿನಲ್ಲಿ, “ಎರಡನೇ ತಿರುವು ಮಾರಾಯ್ತಿ, ಬಾಗಿಲಲ್ಲಿ ಚಪ್ಪಲಿ ರಾಶಿ ಬಿದ್ದಿರುತ್ತೆ, ಅದೇ ಮನೆ” ಅಂದಿದ್ದಳು. ಎರಡನೇ ತಿರುವಿನಲ್ಲಿ ಚಪ್ಪಲಿ ರಾಶಿ ಇತ್ತು. ಒಳಗೆ ಹೋದೆವು. ಯಾರೋ ನೀರು ಕೊಟ್ಟರು, ಯಾರೋ ಕುರ್ಚಿ ಎಳೆದರು. ನಡುಮನೆಯಲ್ಲಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ತಲೆ ತಗ್ಗಿಸಿ ಒಬ್ಬಳು ಹುಡುಗಿ ಕೂತಿದ್ದಳು. ಸುತ್ತ ಕೂತಿದ್ದವರೆಲ್ಲ ಗಂಭೀರವಾಗಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ.

“ಬಾಣಂತಿ ಎಷ್ಟು ಲಕ್ಷಣವಾಗಿದಾಳೆ ನೋಡ್ರಿ” ಎಂದು ನಮ್ಮೆಜಮಾನರ ಕಿವಿಯಲ್ಲಿ ಹೇಳಿದೆ. ಸ್ನೇಹಿತೆ ಕಾಣಲಿಲ್ಲ, ಅಡುಗೆಮನೆಯಲ್ಲಿರಬೇಕು. ಆ ಮೌನ ನನಗೆ ಸಹಿಸಲಾಗಲಿಲ್ಲ. ಎದ್ದು ಹೋಗಿ ಹುಡುಗಿಯ ಮಡಿಲಿಗೆ ಪೊಟ್ಟಣ ಹಾಕಿ, ಎಲ್ಲರಿಗೂ ಕೇಳುವ ಹಾಗೆ, ಮೇಷ್ಟ್ರಮ್ಮನ ಗಂಟಲಲ್ಲಿ ಕೇಳಿದೆ:

“ಎಲ್ಲಮ್ಮಾ ನಿನ್ನ ಪಾಪು? ಮಲಗಿದ್ಯಾ?”

ಹುಡುಗಿ ತಲೆ ಎತ್ತಿದಳು. ಎದುರು ಸಾಲಿನಲ್ಲಿ ಕೂತಿದ್ದ ತರುಣ ಕೈಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟ. ಅವನ ಪಕ್ಕದಲ್ಲಿದ್ದ ಹಿರಿಯರು ಕೆಮ್ಮತೊಡಗಿದರು. ಹುಡುಗಿಯ ಅಪ್ಪ ಅನ್ನಿಸುತ್ತದೆ, ಬೆವರೊರೆಸಿಕೊಳ್ಳುತ್ತಾ ಕೇಳಿದರು, “ಅಮ್ಮಾ, ನೀವು... ಗಂಡಿನ ಕಡೆಯವರಲ್ವಾ?”

ಗಂಡಿನ ಕಡೆಯ ಹೆಂಗಸು, “ನಮ್ಮ ಕಡೆಯವರಲ್ಲ. ನಿಮ್ಮ ಕಡೆಯವರು ಅಂದ್ಕೊಂಡಿದ್ವಿ” ಅಂದರು.

ನಮ್ಮೆಜಮಾನರು ಸಹಾಯ ಮಾಡಲು ಎದ್ದು ನಿಂತು, “ನಾವು ಮಗುವಿನ ಅಜ್ಜಿ ಕಡೆಯವರು” ಅಂದರು.

ಅದು ಹೆಣ್ಣು ನೋಡುವ ಶಾಸ್ತ್ರ. ನಾಮಕರಣದ ಮನೆ ಇನ್ನೂ ನಾಲ್ಕು ಬಾಗಿಲು ಆಚೆ ಇತ್ತು. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಒಂದು ಹುಡುಗಿಯ ಬಾಳನ್ನೇ ಹಾಳು ಮಾಡಿದೆನಲ್ಲ! ತಪ್ಪಾಯಿತು, ಈ ಹುಡುಗಿ ಯಾರು ಎಂದೇ ನನಗೆ ಗೊತ್ತಿಲ್ಲ, ಮನೆ ತಪ್ಪಿ ಬಂದೆ ಎಂದು ಎಲ್ಲರಿಗೂ ಕೈ ಮುಗಿದು ಹೇಳಿದೆ.

ಆಗ ಗಂಡಿನ ಅಜ್ಜಿ ಕೈ ಚಾಚಿ ಪೊಟ್ಟಣ ತಗೊಂಡು ಬಿಚ್ಚಿದರು. ಆ ಸಣ್ಣ ಕಾಲುಚೀಲಗಳನ್ನು ಎರಡು ಬೆರಳಿಗೆ ಹಾಕಿಕೊಂಡು ಎಲ್ಲರೆದುರು ಕುಣಿಸಿದರು. ಹುಡುಗಿಗೆ ತಡೆಯಲಾಗಲಿಲ್ಲ. ಫಕ್ಕನೆ ನಕ್ಕಳು. ಅವಳು ನಕ್ಕಿದ್ದು ನೋಡಿ ತರುಣ ನಕ್ಕ. ಆಮೇಲೆ ಇಡೀ ಮನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಒಂದು ಗಂಟೆಯಿಂದ ಎಲ್ಲರೂ ಗುಮ್ಮನ ಹಾಗೆ ಕೂತಿದ್ರಿ” ಎಂದು ಅಜ್ಜಿ ಮೊಮ್ಮಗನಿಗೆ ಅಂದರು. “ಹುಡುಗಿ ನಗು ನೋಡಿದ್ಯಲ್ಲ? ನನಗಂತೂ ಒಪ್ಪಿಗೆ. ಈ ಕಾಲುಚೀಲ ಮಾತ್ರ ನಾನು ವಾಪಸ್ ಕೊಡಲ್ಲ.”

ನಮ್ಮನ್ನು ಉಪ್ಪಿಟ್ಟು, ಕೇಸರಿಬಾತು ತಿನ್ನಿಸದೆ ಬಿಡಲಿಲ್ಲ. ನಾಲ್ಕು ಬಾಗಿಲು ಆಚೆಯ ನಾಮಕರಣಕ್ಕೆ ತುಂಬಿದ ಹೊಟ್ಟೆ, ಬರಿಗೈಯಲ್ಲಿ ಹೋದೆವು. ಕಥೆ ಕೇಳಿ ಸ್ನೇಹಿತೆ ಅಲ್ಲೂ ಎಲ್ಲರನ್ನೂ ನಗಿಸಿದಳು.

ಹದಿನೈದು ದಿನದ ಮೇಲೆ ಒಂದು ಫೋನು. ಸ್ನೇಹಿತೆಯಿಂದ ನಂಬರ್ ತಗೊಂಡು ಆ ಹುಡುಗಿಯೇ ಮಾಡಿದ್ದಳು.

“ಆಂಟಿ, ಮದುವೆ ಗೊತ್ತಾಯ್ತು. ನೀವು, ಅಂಕಲ್ ಇಬ್ಬರೂ ಬರಲೇಬೇಕು, ನಮ್ಮತ್ತೆ ಮನೆಯವರೂ ಹೇಳಿದಾರೆ.”

“ಬರ್ತೀವಮ್ಮ, ಖಂಡಿತ ಬರ್ತೀವಿ. ನನ್ನ ಕೈಯಾರೆ ಏನಾದ್ರೂ ಮಾಡ್ಕೊಂಡು ಬರ್ತೀನಿ” ಅಂದೆ.

ಹುಡುಗಿ ಮೆಲ್ಲಗೆ ಹೇಳಿದಳು:

“ಆಂಟಿ, ಹೆಣ್ಣು ನೋಡೋ ದಿನವೇ ಪಾಪುಗೆ ಕಾಲುಚೀಲ ತಂದ್ರಿ. ಮದುವೆಗೆ ಸ್ಕೂಲ್ ಬ್ಯಾಗ್ ಒಂದು ಬೇಡ.”